ಇಬ್ಬರೂ ಒಪ್ಪಿದ ಪದ

ನನ್ನ ಸಂಶೋಧನೆಯ ವಿಷಯ ಏನೆಂದು ಕೇಳಿದವರು, ಉತ್ತರ ಸಿಕ್ಕ ಮೇಲೆ ಒಮ್ಮೆ ನನ್ನ ಕೊರಳು ನೋಡುತ್ತಿದ್ದರು, ಸರ ಇನ್ನೂ ಇದೆಯೋ, ಅಡ ಇಟ್ಟಾಯಿತೋ ಅಂತ. ತಾಂತ್ರಿಕ ಸಾಲ ಎಂದರೆ ಕೊನೆಯ ಪದವೊಂದೇ ಜನರ ಕಿವಿಗೆ ಬೀಳುವುದು. ಯಲಹಂಕದ ಹಳೇ ಊರಿನಲ್ಲಿ ನಮ್ಮ ಅತ್ತೆ “ನಮ್ ಸೊಸೆ ಸಾಲದಲ್ಲಿ ಡಾಕ್ಟ್ರು ಓದ್ತಾವ್ಳೆ” ಎಂದು ಬೀದಿಗೆಲ್ಲ ಹೆಮ್ಮೆಯಿಂದ ಹೇಳಿ ಬಂದಿದ್ದರು. ಎದುರು ಮನೆಯ ಹೆಂಗಸು ಮರುದಿನ ನನ್ನನ್ನು ನಿಲ್ಲಿಸಿಕೊಂಡು “ಯಾಕ್ ತಾಯಿ, ಯಜಮಾನ್ರು ಏನೂ ಕೊಡಾಕಿಲ್ವಾ?” ಎಂದು ಮರುಗಿದರು. ನನಗೆ ನಗುವೂ ಬಂತು, ಸಿಟ್ಟೂ ಬಂತು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಪ್ರೋಗ್ರಾಂ ಬರೆಯುವವರು ಅವಸರದಲ್ಲಿ ಅಡ್ಡದಾರಿ ಹಿಡಿಯುತ್ತಾರೆ. ಅವತ್ತಿನ ಕೆಲಸ ಆಗುತ್ತದೆ, ಆದರೆ ಅದರ ಮೇಲೆ ಮುಂದೆ ಕಟ್ಟುವುದೆಲ್ಲ ಸೊಟ್ಟಗಾಗುತ್ತ ಹೋಗುತ್ತದೆ. ತಡ ಮಾಡಿದಷ್ಟೂ ಸರಿಪಡಿಸುವುದು ಕಷ್ಟ. ಅದಕ್ಕೇ ಸಾಲ ಎನ್ನುವ ಹೆಸರು. ಇದರಲ್ಲಿ ಮಜಾ ಏನೆಂದರೆ, ಹಾಗೆ ಮಾಡಿದವರಿಗೂ ಒಳಗೊಳಗೇ ಚುಚ್ಚುತ್ತಿರುತ್ತದೆ. ಪ್ರೋಗ್ರಾಮಿನ ಒಳಗೇ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬರೆದಿಡುತ್ತಾರೆ: ಇದು ಸದ್ಯಕ್ಕೆ ಮಾತ್ರ, ಇದನ್ನು ಆಮೇಲೆ ಸರಿ ಮಾಡಬೇಕು, ಇದು ಯಾಕೆ ಓಡುತ್ತಿದೆಯೋ ನನಗೂ ಗೊತ್ತಿಲ್ಲ. ಕಂಪ್ಯೂಟರ್ ಆ ಟಿಪ್ಪಣಿಯನ್ನು ಓದುವುದಿಲ್ಲ. ಆ ಜಾಗಕ್ಕೆ ನಾಳೆ ಬಂದು ಕೂರುವ ಮನುಷ್ಯ ಓದಲಿ ಅಂತ ಬರೆಯುವುದು. ಹೀಗೆ ಬಾಯಿಬಿಟ್ಟು ಒಪ್ಪಿಕೊಂಡವರ ಟಿಪ್ಪಣಿಗಳನ್ನು ರಾಶಿ ರಾಶಿ ಓದುವುದೇ ನನ್ನ ಮತ್ತು ನನ್ನ ಗೆಳತಿಯ ಸಂಶೋಧನೆಯಾಗಿತ್ತು.

ನಾವಿಬ್ಬರೂ ಸೋಲದೇವನಹಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಒಂದೇ ವಾರದಲ್ಲಿ ಸೇರಿದವರು. ನಾನು ಯಲಹಂಕದಿಂದ, ಅವಳು ಗೊರಗುಂಟೆಪಾಳ್ಯದಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದೆವು. ಪಾಠ ಮಾಡುವುದು ಅವಳಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಕೊನೆಯ ಬೆಂಚಿನಲ್ಲಿ ತೂಕಡಿಸುವವನೂ ಅವಳ ಕ್ಲಾಸಿನಲ್ಲಿ ಎದ್ದು ಕೂರುತ್ತಿದ್ದ. ನನಗೆ ಆ ಕಲೆ ಇಲ್ಲ, ನಾನು ಗದರಿಸಿ ಕೂರಿಸುವವಳು. ಹೆಬ್ಬಾಳದ ಬಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಇಬ್ಬರೂ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್.ಡಿಗೆ ರಿಜಿಸ್ಟರ್ ಮಾಡಿಸಿದೆವು. ವಾರವಿಡೀ ಪಾಠ, ಲ್ಯಾಬು, ಇಂಟರ್ನಲ್ಸ್ ಪೇಪರ್ ತಿದ್ದುವ ಕೆಲಸ. ರಜೆ ಅಂತ ಸಿಕ್ಕಿದ್ದೆಲ್ಲ ಸಂಶೋಧನೆಗೆ. ವರ್ಷಗಳು ಹಾಗೇ ಹೋದವು.

ಅಷ್ಟರಲ್ಲಿ ಕಾಲೇಜಿನ ಆಡಳಿತ ಮಂಡಳಿ ಹೊಸ ನಿಯಮ ತಂದಿತು. ನಮ್ಮದು ಪ್ರತಿ ವರ್ಷ ನವೀಕರಿಸುವ ಕೆಲಸ. ಬರುವ ಜೂನ್ ಒಳಗೆ ಪಿಎಚ್.ಡಿ ಮುಗಿಸದವರ ಕೆಲಸ ಮುಂದುವರಿಯುವುದಿಲ್ಲ ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಓದಿ ಹೇಳಿದರು. ಹೆರಿಗೆ ರಜೆ ಹಾಕಿದ್ದೆನೆಂದು ನನಗೊಬ್ಬಳಿಗೆ ಇನ್ನೊಂದು ವರ್ಷದ ವಿನಾಯಿತಿ ಸಿಕ್ಕಿತು. ಗೆಳತಿಗೆ ಸಿಗಲಿಲ್ಲ. ಅವಳು ಜಗ್ಗಲಿಲ್ಲ, ಹಲ್ಲು ಕಚ್ಚಿಕೊಂಡು ಥೀಸಿಸ್ ಬರೆದು ಕೊಟ್ಟಳು. ಪರೀಕ್ಷಕರಿಂದ ಒಪ್ಪಿಗೆಯ ವರದಿಯೂ ಬಂತು. ಇನ್ನು ಉಳಿದದ್ದು ಪರೀಕ್ಷಕರ ಎದುರು ನಿಂತು ಉತ್ತರಿಸುವ ವೈವಾ ಒಂದೇ. ಅದಕ್ಕೆ ಮೇ ತಿಂಗಳ ಒಂದು ಬುಧವಾರ ನಿಗದಿಯಾಯಿತು. ಅದೊಂದು ಮುಗಿದರೆ ಅವಳ ಕೆಲಸ ಉಳಿದ ಹಾಗೆ.

ಈಗ ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಎಡವಟ್ಟಾದದ್ದು ಅಲ್ಲೇ. ಒಂದು ಟಿಪ್ಪಣಿ ಸಾಲವೋ ಅಲ್ಲವೋ ಎಂದು ಒಬ್ಬರೇ ತೀರ್ಮಾನಿಸಿದರೆ ಯಾರೂ ನಂಬುವುದಿಲ್ಲ. ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ, ಒಂದೊಂದಕ್ಕೂ ಗುರುತು ಹಾಕಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಇಬ್ಬರ ಗುರುತೂ ಹೊಂದಿದಷ್ಟು ಸಂಶೋಧನೆಗೆ ಬೆಲೆ. ಅವಳು ಲ್ಯಾಬಿನಲ್ಲಿ, ನಾನು ಲೈಬ್ರರಿಯಲ್ಲಿ ಕೂತು ಓದಿ ಓದಿ ಕಣ್ಣು ಕೆಂಪಗಾಗುತ್ತಿತ್ತು. ಸಂಜೆ ಕ್ಯಾಂಟೀನಿನಲ್ಲಿ ಬೋಂಡಾ ತಿನ್ನುವಾಗಲೂ ಗುರುತಿನ ಮಾತೆತ್ತುತ್ತಿರಲಿಲ್ಲ, ಅಷ್ಟು ನಿಯತ್ತು. ಗುರುತು ಹಾಕಿದ ಈ ಟಿಪ್ಪಣಿಗಳೇ ಇಬ್ಬರ ಥೀಸಿಸ್ಸಿಗೂ ತಳಹದಿ. ನಮ್ಮ ಗುರುತುಗಳು ಎಷ್ಟು ಚೆನ್ನಾಗಿ ಹೊಂದಿದವೆಂದರೆ ಗೈಡ್ ಬೇರೆ ವಿದ್ಯಾರ್ಥಿಗಳನ್ನು ಕರೆದು ತೋರಿಸಿದರು. “ನೋಡ್ರಯ್ಯಾ, ಒಂದೇ ತಾಯಿ ಮಕ್ಕಳ ಹಾಗೆ ಯೋಚನೆ ಮಾಡ್ತಾರೆ ಇವರಿಬ್ಬರು” ಎಂದರು. ನಾವು ಉಬ್ಬಿಹೋದೆವು.

ಮೊದಲು ಓದಿದ್ದು ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದ ಆರ್.ಟಿ. ನಗರದ ಸಣ್ಣ ಕಂಪನಿಯೊಂದರ ಪ್ರೋಗ್ರಾಂಗಳನ್ನು. ಅಲ್ಲಿಯ ಟಿಪ್ಪಣಿಗಳಲ್ಲಿ ಅಡ್ಜಸ್ಟ್ ಎನ್ನುವ ಪದ ಮೇಲಿಂದ ಮೇಲೆ ಬರುತ್ತಿತ್ತು. ಡೆಮೋಗೋಸ್ಕರ ಅಡ್ಜಸ್ಟ್ ಮಾಡಿದೆ. ಹಳೆಯದು ಮುರಿದುಬಿತ್ತು, ಇಲ್ಲಿ ಅಡ್ಜಸ್ಟ್ ಮಾಡಿದೆ. ಇಬ್ಬರೂ ಕಣ್ಣು ಮುಚ್ಚಿಕೊಂಡು ಸಾಲ ಎಂದು ಗುರುತು ಹಾಕಿದೆವು. ಆಮೇಲೆ ಬೇರೆ ಬೇರೆ ದೇಶದವರು ಸೇರಿ ಬರೆದ ದೊಡ್ಡ ದೊಡ್ಡ ಪ್ರೋಗ್ರಾಂಗಳನ್ನು ಓದಲು ಹೊರಟಾಗ ನಮ್ಮ ನಿಯಮಗಳ ಪಟ್ಟಿಯಲ್ಲಿ ಅಡ್ಜಸ್ಟ್ ಅಂದರೆ ಸಾಲ ಎಂದು ಬರೆದುಕೊಂಡೇ ಹೊರಟೆವು. ಅದರ ಬಗ್ಗೆ ಒಂದು ನಿಮಿಷವೂ ಚರ್ಚೆ ನಡೆಯಲಿಲ್ಲ.

ವೈವಾದ ಹಿಂದಿನ ಶನಿವಾರ ಮಧ್ಯಾಹ್ನ ನಾನು ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯಕ್ಕೆ, ಸಾಲದ ಟಿಪ್ಪಣಿಗಳನ್ನು ತಾನಾಗಿಯೇ ಹುಡುಕುವ ಒಂದು ಸಾಧನವನ್ನು ಮಾಡಿದ್ದೆ. ನಾವಿಬ್ಬರು ಹಾಕಿದ ಗುರುತುಗಳಿಂದಲೇ ಅದು ಕಲಿತದ್ದು. ಅವತ್ತು ಫೋಟೋ ತಿದ್ದುವ ಒಂದು ಪ್ರೋಗ್ರಾಮನ್ನು ಅದಕ್ಕೆ ಕೊಟ್ಟೆ. ಪರದೆ ತುಂಬ ಕೆಂಪು! ಎಲ್ಲಿ ನೋಡಿದರೂ ಸಾಲ, ಸಾಲ, ಸಾಲ. ಇಷ್ಟು ಸಾಲದಲ್ಲಿ ಮುಳುಗಿದ ಪ್ರೋಗ್ರಾಮನ್ನು ನಾನು ಕಂಡೇ ಇರಲಿಲ್ಲ. ಖುಷಿಯಿಂದ ಅವಳಿಗೆ ಫೋನ್ ಮಾಡಿದೆ.

“ಏನೇ, ಬಂಪರ್ ಹೊಡೆದೆ ಕಣೇ!” ಎಂದೆ.

“ಆಮೇಲೆ ಹೇಳು ಮಾರಾಯ್ತಿ. ವೈವಾಗೆ ಉಡೋ ಸೀರೆಗೆ ಫಾಲ್ಸ್ ಹಾಕೋಕೆ ಕೊಟ್ಟಿದ್ದೆ, ಈ ಟೈಲರ್ ನೋಡಿದ್ರೆ ಬೇರೆ ಬಣ್ಣದ್ದು ಹಾಕವ್ನೆ” ಎಂದು ನಕ್ಕು ಫೋನಿಟ್ಟಳು.

ನಗುತ್ತಲೇ ಒಂದೊಂದಾಗಿ ಟಿಪ್ಪಣಿ ತೆರೆದು ಓದಿದೆ. ಇಲ್ಲಿ ಚಿತ್ರದ ಬೆಳಕನ್ನು ಅಡ್ಜಸ್ಟ್ ಮಾಡುತ್ತದೆ. ಇಲ್ಲಿ ಬಣ್ಣ ಅಡ್ಜಸ್ಟ್ ಮಾಡುತ್ತದೆ. ಇಲ್ಲಿ ಅಂಚನ್ನು ಪರದೆಯ ಅಗಲಕ್ಕೆ ಅಡ್ಜಸ್ಟ್ ಮಾಡುತ್ತದೆ. ಅಷ್ಟೇ. ಅದು ಆ ಪ್ರೋಗ್ರಾಂ ಮಾಡಬೇಕಾದ ಕೆಲಸ. ಅದರಲ್ಲಿ ಅವಸರವೂ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ, ಸಾಲವಂತೂ ಮೊದಲೇ ಇಲ್ಲ. ರೇಡಿಯೋದ ತಿರುಗಣೆ ತಿರುಗಿಸಿ ಸ್ವರ ಹೆಚ್ಚುಕಡಿಮೆ ಮಾಡಿದಂತೆ ಅದು.

ನಮ್ಮ ಹಳೆಯ ಗುರುತುಗಳನ್ನು ತೆಗೆದು ಆ ಒಂದು ಪದವನ್ನು ಹುಡುಕಿದೆ. ಗಡಿಯಾರವನ್ನು ಅಡ್ಜಸ್ಟ್ ಮಾಡುತ್ತದೆ: ನನ್ನ ಗುರುತು ಸಾಲ, ಅವಳದೂ ಸಾಲ. ಅಕ್ಷರದ ಗಾತ್ರ ಅಡ್ಜಸ್ಟ್ ಮಾಡುತ್ತದೆ: ನನ್ನದು ಸಾಲ, ಅವಳದೂ ಸಾಲ. ಪುಟ ಪುಟವೂ ಹಾಗೇ. ಅಯ್ಯೋ ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಇಬ್ಬರ ಸೀಟಿನಲ್ಲಿ ಮೂವರು ಕೂರಬೇಕಾದರೆ ಅಡ್ಜಸ್ಟ್, ಛತ್ರದಲ್ಲಿ ರೂಮು ಸಾಲದಿದ್ದರೆ ಅಡ್ಜಸ್ಟ್, ನೀರು ಬಾರದಿದ್ದರೆ ಇವತ್ತೊಂದು ದಿನ ಅಡ್ಜಸ್ಟ್. ಹುಟ್ಟಿದಾಗಿನಿಂದ ನಾವಿಬ್ಬರೂ ಆ ಪದವನ್ನು ಕೇಳಿದ್ದು, ಸರಿಯಿಲ್ಲದ್ದನ್ನು ಸದ್ಯಕ್ಕೆ ಸಹಿಸಿಕೊಳ್ಳಿ ಎನ್ನುವ ಅರ್ಥದಲ್ಲಿ. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತಿದ್ದೆವು, ಇಂಗ್ಲಿಷಿನಲ್ಲೇ ಪಾಠ ಮಾಡುತ್ತಿದ್ದೆವು, ಆದರೆ ಆ ಪದ ಕಂಡ ಕೂಡಲೇ ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಿದ್ದೆವು. ನಮ್ಮ ಗುರುತು ಅಷ್ಟು ಚೆನ್ನಾಗಿ ಹೊಂದಿದ್ದು ಇಬ್ಬರೂ ಸರಿಯಿದ್ದೆವು ಎಂಬ ಕಾರಣಕ್ಕಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದ್ದೆವು.

ಆ ಗುರುತುಗಳನ್ನೆಲ್ಲ ತೆಗೆದುಹಾಕಿ ಅವಳ ಥೀಸಿಸ್ಸಿನ ಮುಖ್ಯ ಪಟವನ್ನು, ಯಾವ ಭಾಗದಲ್ಲಿ ಎಷ್ಟು ಸಾಲ ಎಂದು ಕಂಬಗಳಲ್ಲಿ ತೋರಿಸುವ ಗ್ರಾಫನ್ನು, ಮತ್ತೆ ಬಿಡಿಸಿದೆ. ಪ್ರೋಗ್ರಾಮಿನಲ್ಲಿ ಜನರ ಕಣ್ಣಿಗೆ ಕಾಣುವ ಪರದೆಯ ಭಾಗದಲ್ಲೇ ಸಾಲ ಹೆಚ್ಚು ಸೇರುತ್ತದೆ ಎನ್ನುವುದು ಅವಳು ಕಂಡುಹಿಡಿದ ವಿಷಯ. ಪರೀಕ್ಷಕರು ಹೊಗಳಿದ್ದೂ ಅದನ್ನೇ. ಪರದೆಯ ಭಾಗದಲ್ಲಿ ಅಗಲ, ಎತ್ತರ, ಬಣ್ಣ ಎಂದು ಅಡ್ಜಸ್ಟ್ ಮಾಡುವುದು ಇದ್ದೇ ಇರುತ್ತದಲ್ಲ! ಆ ಪದ ತೆಗೆದ ಮೇಲೆ ಪಟದಲ್ಲಿ ನೆಟ್ಟಗೆ ನಿಂತಿದ್ದ ಕಂಬ ಬೇರೆ ಕಂಬಗಳ ಮಟ್ಟಕ್ಕೆ ಕುಸಿಯಿತು. ಕಂಡುಹಿಡಿದದ್ದು ಏನೂ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಗೊರಗುಂಟೆಪಾಳ್ಯದ ಅವಳ ಮನೆಗೆ ಹೋದೆ. ತುಮಕೂರು ರಸ್ತೆಯ ಲಾರಿಗಳ ಸದ್ದಿಗೆ ಆ ಮನೆಯ ಕಿಟಕಿ ಸದಾ ಗಡಗಡ ಎನ್ನುತ್ತಿತ್ತು. ಅವಳ ಗಂಡ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಲ್ಯಾಪ್‌ಟಾಪ್ ತೆರೆದು ಎಲ್ಲ ತೋರಿಸಿದೆ. ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳೂ ಮೇಷ್ಟ್ರು, ನಾನು ಮುಗಿಸುವುದಕ್ಕೆ ಮೊದಲೇ ಅವಳಿಗೆ ಗೊತ್ತಾಗಿತ್ತು. ಎದ್ದು ಹೋಗಿ ಒಲೆಯ ಮೇಲಿದ್ದ ಹಾಲನ್ನು ಇಳಿಸಿ ಬಂದು ಕೂತಳು.

“ಬುಧವಾರ ಮುಗೀಲಿ. ಆಮೇಲೆ ನೋಡೋಣ” ಎಂದಳು.

“ಆಮೇಲೆ ಏನ್ ನೋಡ್ತೀಯ? ಏಳು ವರ್ಷದಿಂದ ನಾವು ಓದ್ತಿರೋದೇ ಈ ಆಮೇಲೆ ನೋಡೋಣ ಅನ್ನೋರ ಕಥೆ ಅಲ್ವೇನೇ?”

“ಪಾಠ ಮಾಡ್ಬೇಡ ನಂಗೆ.”

“ನನ್ನ ಥೀಸಿಸ್‌ನಲ್ಲಿ ನಾನು ಇದನ್ನ ಸರಿ ಮಾಡ್ಲೇಬೇಕು. ಆಗ ಯಾರಾದ್ರೂ ನಿಂದೂ ನಂದೂ ಪಕ್ಕ ಇಟ್ಟು ನೋಡ್ತಾರೆ. ಡಿಗ್ರಿ ತಗೊಂಡು ಹತ್ತು ಬ್ಯಾಚಿಗೆ ಪಾಠ ಮಾಡಿದ್ಮೇಲೆ ನಿನ್ನನ್ನ ಕರೆದು ಕೇಳಿದ್ರೆ ಏನ್ ಹೇಳ್ತೀಯ? ಈಗ ಹೇಳಿದ್ರೆ ಅದು ಬರೀ ತಪ್ಪು. ಆಗ ಅದು ಮೋಸ ಅನ್ನಿಸ್ಕೊಳ್ಳುತ್ತೆ ಕಣೇ.”

ಅವಳ ಮುಖ ಕೆಂಪಗಾಯಿತು. “ನಿನಗೇನಮ್ಮ, ಇನ್ನೊಂದು ವರ್ಷ ಇದೆ. ಆರಾಮಾಗಿ ಸರಿ ಮಾಡ್ಕೋ, ಒಳ್ಳೆಯವಳು ಅನ್ನಿಸ್ಕೋ. ನಂಗೆ ಇರೋದು ಬುಧವಾರ ಒಂದೇ. ಜೂನ್‌ನಲ್ಲಿ ನನ್ನ ಆಚೆ ಕಳಿಸಿದ್ರೆ ನಿನ್ನ ಈ ಸತ್ಯ ಬಂದು ನನ್ನ ಕ್ಲಾಸ್ ತಗೊಳ್ಳುತ್ತಾ?”

ನನಗೆ ಮೈಯೆಲ್ಲ ಉರಿಯಿತು, ಅವಳ ಮೇಲಲ್ಲ, ಅವಳು ಹೇಳಿದ್ದು ನಿಜ ಎನ್ನುವುದರ ಮೇಲೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. “ನೀನೇ ಹೇಳ್ಬಿಡು. ನೀನು ಹೇಳ್ಲಿಲ್ಲ ಅಂದ್ರೆ ಬುಧವಾರ ನಾನೇ ಎದ್ದು ಕೇಳ್ತೀನಿ” ಎಂದೆ.

“ಎದ್ದೋಗು ಇಲ್ಲಿಂದ” ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಕಾಫಿ ಕುಡಿಯದೆ ಎದ್ದು ಬಂದೆ.

ಸೋಮವಾರ ಹೆಬ್ಬಾಳಕ್ಕೆ ಹೋಗಿ ಗೈಡ್ ಮುಂದೆ ನಿಂತೆ. ಅವರು ಒಳ್ಳೆಯವರು, ಆದರೆ ಗಲಾಟೆ ಎಂದರೆ ಆಗದು. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, ಬಾಗಿಲು ಹಾಕಿ ಬರಲು ಹೇಳಿದರು.

“ಎಕ್ಸಾಮಿನರ್‌ಗಳು ಒಪ್ಪಿ ಆಗಿದೆ. ಎಲ್ಲರಿಗೂ ಪತ್ರ ಹೋಗಿದೆ. ಈಗ ಬಂದು ಹೀಗಂದ್ರೆ? ನಿನ್ನ ಥೀಸಿಸ್‌ನಲ್ಲಿ ನೀನು ಸರಿ ಮಾಡ್ಕೋ, ನಾನು ಬೇಡ ಅನ್ನಲ್ಲ. ಅವಳದ್ದೊಂದು ಮುಗೀಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ಬಿಡಮ್ಮ.”

ನನಗೆ ನಗು ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡರೂ ನಿಲ್ಲಲಿಲ್ಲ. ಅವರು ಮೊದಲು ಗಾಬರಿಯಾಗಿ ನನ್ನನ್ನು ನೋಡಿದರು, ಆಮೇಲೆ ತಾವೇನು ಹೇಳಿದೆವೆಂದು ಅವರಿಗೇ ಹೊಳೆಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ನಗು ಇರಲಿಲ್ಲ.

“ನಗೋ ವಿಷಯ ಅಲ್ಲ ಇದು. ಓಪನ್ ವೈವಾದಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ನೀನೂ ಕೇಳಬಾರದು.”

“ಅವಳು ಹೇಳದಿದ್ರೆ ಕೇಳ್ತೀನಿ ಸರ್.”

“ಕೇಳು. ಆದ್ರೆ ಮುಂದಿನ ವರ್ಷ ನಿನ್ನ ಥೀಸಿಸ್‌ಗೆ ಸಹಿ ಹಾಕಬೇಕಾದವನು ನಾನೇ ಅನ್ನೋದು ನೆನಪಿರ್ಲಿ.”

ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಯಲಹಂಕದ ಬಸ್ಸುಗಳು ಒಂದಾದ ಮೇಲೊಂದು ಬಂದು ಹೋದರೂ ಹತ್ತದೆ ಸುಮಾರು ಹೊತ್ತು ನಿಂತಿದ್ದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಮನೆಗೆ ಹೋದರೆ ಅಲ್ಲಿಯೂ ನೆಮ್ಮದಿಯಿಲ್ಲ. “ಯಾಕವ್ವ, ಮಕ ಇಂಗಾಗದೆ?” ಎಂದು ಅತ್ತೆ ಕೇಳಿದರು. ಹೇಳಿದೆ. ಪ್ರೋಗ್ರಾಮಿನ ಮಾತು ಅವರಿಗೆ ಅರ್ಥವಾಗಲಿಲ್ಲ, ಗೆಳತಿಯ ಕೆಲಸ ಹೋಗುತ್ತದೆ ಎನ್ನುವುದು ಮಾತ್ರ ಅರ್ಥವಾಯಿತು.

“ಅವ್ಳ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ ಕಣವ್ವ. ನಿನ್ ಬಾಣಂತನಕ್ಕೆ ದಿನಾ ಬಂದು ಹೋಗ್ತಿದ್ ಹೆಣ್ಣು ಅದು” ಎಂದು ಹೇಳಿ ಅಡುಗೆಮನೆಗೆ ಹೋದರು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತುಬಿಟ್ಟೆ.

ಮಂಗಳವಾರ ಕಾಲೇಜಿನಲ್ಲಿ ಅವಳು ಸ್ಟಾಫ್‌ರೂಮಿಗೆ ಬರಲೇ ಇಲ್ಲ. ಕ್ಲಾಸು ಮುಗಿಸಿ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು. ವೈವಾಕ್ಕೆ ತಯಾರಿ ಎಂದು ಉಳಿದವರು ತಿಳಿದರು. ಗಾಜಿನ ಬಾಗಿಲಾಚೆ ಅವಳ ಬೆನ್ನು ಕಾಣುತ್ತಿತ್ತು. ಎರಡು ಸಲ ಬಾಗಿಲ ತನಕ ಹೋಗಿ ಹಿಂದಕ್ಕೆ ಬಂದೆ. ಸತ್ಯದ ಮೇಲೆ ನನಗೆ ಅಷ್ಟೊಂದು ಭಕ್ತಿ ಇತ್ತೆಂದು ಹೇಳಿಕೊಳ್ಳಲಾರೆ. ನನ್ನ ಸ್ವಭಾವವೇ ಹಾಗೆ, ಗೊತ್ತಾದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದರ ಜೊತೆಗೆ, ನಾಳೆ ಸುಮ್ಮನಿದ್ದರೆ ನನ್ನ ಥೀಸಿಸ್ಸಿನಲ್ಲಿ ಅವಳ ಹೆಸರನ್ನು ಬರೆದು ಇದು ತಪ್ಪು ಎಂದು ಹೇಳಬೇಕಾದವಳು ನಾನೇ. ಅವಳ ಬೆನ್ನ ಹಿಂದೆ, ಅವಳು ಇಲ್ಲದ ಸಭೆಯಲ್ಲಿ. ಅದಕ್ಕಿಂತ ಎದುರಿಗೇ ಕೇಳುವುದು ಲೇಸು ಎನ್ನಿಸಿತು.

ಬುಧವಾರ ಸಂಶೋಧನಾ ಕೇಂದ್ರದ ಸೆಮಿನಾರ್ ಹಾಲು ತುಂಬಿತ್ತು. ನಮ್ಮ ಕಾಲೇಜಿನವರು, ಅವಳ ಗಂಡ, ಮಗಳು, ಯಶವಂತಪುರದ ಅವಳ ತವರಿನವರು, ಎಲ್ಲರೂ ಬಂದಿದ್ದರು. ಸನ್ಮಾನಕ್ಕೆಂದು ತಂದ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಂದಿನ ಸಾಲಿನ ಕುರ್ಚಿಯ ಮೇಲೆ ಆಗಲೇ ಸಿದ್ಧವಾಗಿ ಕೂತಿದ್ದವು. ಫಲಿತಾಂಶಕ್ಕೆ ಮೊದಲೇ ಹಾರ ಕೊಂಡು ತರುವುದು ನಮ್ಮಲ್ಲಿ ರೂಢಿ, ಯಾಕೆಂದರೆ ಆ ಹಂತದಲ್ಲಿ ಯಾರೂ ಫೇಲಾಗುವುದಿಲ್ಲ. ಹೊರರಾಜ್ಯದಿಂದ ಬಂದಿದ್ದ ಪರೀಕ್ಷಕಿ ಮುಂದಿನ ಸಾಲಿನಲ್ಲಿ, ಅವರ ಪಕ್ಕ ಗೈಡ್. ನಾನು ಮೂರನೆಯ ಸಾಲಿನ ತುದಿಯಲ್ಲಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ.

ಏನು ಚೆನ್ನಾಗಿ ಮಾತಾಡಿದಳು! ಪಾಠ ಮಾಡುವಂತೆಯೇ, ಎಲ್ಲೂ ತಡವರಿಸದೆ. ಆ ಪಟ ಬಂತು, ಎತ್ತರದ ಕಂಬವೂ ಬಂತು. ಅದರ ಬಗ್ಗೆ ಹೇಳಬೇಕಾದ್ದನ್ನು ಮೊದಲಿನಂತೆಯೇ ಹೇಳಿ ಮುಂದಿನ ಸ್ಲೈಡಿಗೆ ಹೋದಳು. ಅವಳು ಹೇಳಲಿಲ್ಲ, ಹೇಳುವುದೂ ಇಲ್ಲ. ಕೊನೆಗೆ ಧನ್ಯವಾದದ ಸ್ಲೈಡು ಬಂತು, ಚಪ್ಪಾಳೆ ಬಿತ್ತು. ಪರೀಕ್ಷಕಿ ಕೇಳಿದ ಪ್ರಶ್ನೆಗಳಿಗೆಲ್ಲ ಸರಾಗವಾಗಿ ಉತ್ತರ ಕೊಟ್ಟಳು.

ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ನೋಡಿಕೊಂಡು, “ಸಭೆಯಲ್ಲಿ ಯಾರಿಗಾದ್ರೂ ಪ್ರಶ್ನೆ ಇದೆಯಾ?” ಎಂದು ವಾಡಿಕೆಯಂತೆ ಕೇಳಿದರು. ಪಕ್ಕದ ಕೋಣೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಹಿಂದಿನ ಸಾಲಿನವರು ಆಗಲೇ ಬ್ಯಾಗು ಎತ್ತಿಕೊಳ್ಳುತ್ತಿದ್ದರು. ಗೈಡ್ ಕತ್ತು ತಿರುಗಿಸಿ ನನ್ನನ್ನು ನೆಟ್ಟ ನೋಟದಿಂದ ನೋಡಿದರು.

ನಾನು ಎದ್ದು ನಿಂತೆ.

ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯಿಂದ ಅವಳ ದನಿ ಕೇಳಿತು.

“ಮೇಡಂ ಏನ್ ಕೇಳ್ತಾರೆ ಅಂತ ನಂಗೊತ್ತು ಸರ್. ಅದಕ್ಕೆ ನಾನೇ ಉತ್ತರ ಕೊಡ್ತೀನಿ.”

ಧನ್ಯವಾದದ ಸ್ಲೈಡಿನ ಆಚೆಗೆ ಇನ್ನೊಂದು ಸ್ಲೈಡಿತ್ತು. ಮೂರು ದಿನದಲ್ಲಿ ಅವಳು ಮಾಡಿದ ಕೆಲಸ ನೋಡಿ ನಾನು ನಿಂತಲ್ಲೇ ದಂಗಾದೆ. ಹಿಂದೊಮ್ಮೆ ಸಮ್ಮೇಳನದಲ್ಲಿ ಪರಿಚಯವಾಗಿದ್ದ ಹೊರದೇಶದ ಇಬ್ಬರು ಸಂಶೋಧಕರಿಗೆ ಅಡ್ಜಸ್ಟ್ ಎನ್ನುವ ಪದವಿದ್ದ ಟಿಪ್ಪಣಿಗಳನ್ನು ಇಮೇಲಿನಲ್ಲಿ ಕಳಿಸಿ ಅವರಿಂದ ಗುರುತು ಹಾಕಿಸಿದ್ದಳು. ಅವರು ಯಾವುದನ್ನೂ ಸಾಲ ಎಂದಿರಲಿಲ್ಲ. ಆರ್.ಟಿ. ನಗರದ ಕಂಪನಿಯ ಟಿಪ್ಪಣಿಗಳನ್ನೂ ಅವರು ಸಾಲ ಅಲ್ಲ ಎಂದೇ ಬಿಟ್ಟಿದ್ದರು. ಆದರೆ ಅವನ್ನು ಬರೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೇ ಫೋನ್ ಮಾಡಿ ಕೇಳಿದಾಗ, “ಹೂಂ ಮೇಡಂ, ಆವತ್ತು ಹೇಗೋ ತೇಪೆ ಹಾಕಿದ್ದು” ಎಂದಿದ್ದರಂತೆ. ಅಲ್ಲಿಗೆ, ಪರದೇಶದ ಪ್ರೋಗ್ರಾಮಿನಲ್ಲಿ ನಾವಿಬ್ಬರೂ ತಪ್ಪು, ನಮ್ಮೂರಿನ ಪ್ರೋಗ್ರಾಮಿನಲ್ಲಿ ಅವರಿಬ್ಬರೂ ತಪ್ಪು. ಸಾಲ ಒಪ್ಪಿಕೊಳ್ಳುವ ಮಾತು ಊರಿಂದೂರಿಗೆ ಬೇರೆ. ನನಗೆ ಕಂಡದ್ದು ತಪ್ಪು ಮಾತ್ರ, ಇದು ನನ್ನ ತಲೆಗೆ ಹೊಳೆದಿರಲಿಲ್ಲ.

“ಆದ್ದರಿಂದ, ನೀವು ಈಗಷ್ಟೇ ನೋಡಿದ ನನ್ನ ಮುಖ್ಯ ಪಟ ನಿಲ್ಲೋದಿಲ್ಲ” ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿ ಮಾತು ಮುಗಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ನಾನು ಕೂತುಕೊಂಡೆ.

ಪರೀಕ್ಷಕಿ, ಗೈಡ್, ಅಧ್ಯಕ್ಷರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಾಯಿತು. ಹೊರಗೆ ಬಂದು, ಕೊನೆಯ ಸ್ಲೈಡು ಇಡೀ ಥೀಸಿಸ್ಸಿಗಿಂತ ಒಳ್ಳೆಯದು, ಆದರೆ ಅದು ಥೀಸಿಸ್ಸಿನಲ್ಲಿ ಇಲ್ಲ ಎಂದರು ಪರೀಕ್ಷಕಿ. ಅಧ್ಯಾಯಗಳನ್ನು ಹೊಸದಾಗಿ ಬರೆದು ಕೊಡಬೇಕು, ಮತ್ತೊಮ್ಮೆ ವೈವಾ ಆಗಬೇಕು. ಈಗ ಪದವಿಗೆ ಶಿಫಾರಸು ಇಲ್ಲ.

ಮುಂದಿನದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಜೂನಿನಲ್ಲಿ ಕಾಲೇಜು ಅವಳ ಕೆಲಸ ನವೀಕರಿಸಲಿಲ್ಲ. ನಾನು, ಇನ್ನೊಂದಿಬ್ಬರು ಪ್ರಿನ್ಸಿಪಾಲರ ಬಳಿ ಹೋಗಿ ಬಾಯಿ ನೋಯುವಷ್ಟು ಬೇಡಿಕೊಂಡೆವು, ನಿಯಮ ಎಂದರೆ ನಿಯಮ ಎಂದುಬಿಟ್ಟರು. ಅವಳು ತುಮಕೂರು ರಸ್ತೆಯ ಒಂದು ಕಾಲೇಜಿನಲ್ಲಿ ವಾರಕ್ಕಿಷ್ಟು ಕ್ಲಾಸು ಎನ್ನುವ ಲೆಕ್ಕದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಹೊಸ ಥೀಸಿಸ್ ಬರೆದು ಅವಳು ಪದವಿ ಪಡೆದದ್ದು ನನಗೆ ಪದವಿ ಸಿಕ್ಕ ಮೇಲೆ. ಗೈಡ್ ನನ್ನ ಥೀಸಿಸ್ಸಿಗೆ ತಿಂಗಳುಗಟ್ಟಲೆ ಸತಾಯಿಸಿ ಸಹಿ ಹಾಕಿದರು. ಅವಳ ಆ ಸ್ಲೈಡಿನ ವಿಷಯವನ್ನೇ ಮುಂದುವರಿಸಿ ಈಗ ಎಷ್ಟೋ ಜನ ಕೆಲಸ ಮಾಡುತ್ತಿದ್ದಾರೆ. ಅವತ್ತು ಎದ್ದು ನಿಂತದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹಾಗೆಂದು ಯಾರಾದರೂ ಆ ಬುಧವಾರದ ಮಾತೆತ್ತಿದರೆ ಎದ್ದು ಬೇರೆ ಕಡೆ ಹೋಗುತ್ತೇನೆ.

ಫಲಿತಾಂಶ ಹೇಳಿದ ಮೇಲೂ ಅವತ್ತು ಊಟ ನಿಲ್ಲಲಿಲ್ಲ. ಅಡುಗೆಯವರು ಬಂದಾಗಿತ್ತು, ಎಲೆ ಹಾಕಿಯಾಗಿತ್ತು. ಸಭೆಯಿಂದ ಬೇಗ ಎದ್ದು ಹೋಗಿದ್ದವರು ಏನಾಯಿತೆಂದು ತಿಳಿಯದೆ “ಕಂಗ್ರಾಟ್ಸ್ ಮೇಡಂ” ಎಂದು ಅವಳ ಕೈ ಕುಲುಕುತ್ತಿದ್ದರು. ಅವಳು ಎಲ್ಲರಿಗೂ “ಥ್ಯಾಂಕ್ಸ್, ಊಟ ಮಾಡ್ಕೊಂಡೇ ಹೋಗ್ಬೇಕು” ಎನ್ನುತ್ತಿದ್ದಳು. ಪದವಿ ಪಡೆಯುವವರು ಪಂಕ್ತಿಗೆ ಒಂದು ಸಲವಾದರೂ ತಾವೇ ಸಿಹಿ ಬಡಿಸುವುದು ಅಲ್ಲಿಯ ಪದ್ಧತಿ. ಅವಳ ಗಂಡ ಬೇಡವೆಂದರೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿರೋಟಿಯ ತಟ್ಟೆ ಹಿಡಿದು ಹೊರಟಳು. ತಪ್ಪಿಸಿಕೊಂಡು ಹೋಗೋಣವೆಂದು ಬಾಗಿಲ ತನಕ ಹೋಗಿದ್ದ ನನ್ನನ್ನು ಅವಳ ಅಮ್ಮ ಕೈಹಿಡಿದು ಎಳೆದು ತಂದು ಪಂಕ್ತಿಯಲ್ಲಿ ಕೂರಿಸಿದರು.

ತಲೆ ತಗ್ಗಿಸಿ ಕೂತಿದ್ದೆ. ಎಲೆಯ ಮುಂದೆ ಅವಳ ಸೀರೆಯ ಅಂಚು ಬಂದು ನಿಂತಿತು.

“ನಿನ್ನ ಸ್ಲೈಡು...” ಎಂದು ಏನೋ ಹೇಳಲು ಹೋದೆ.

ಅವಳು ಬಗ್ಗಿ ಎಲೆಗೆ ಚಿರೋಟಿ ಹಾಕಿದಳು. ಅದರ ಮೇಲೆ ಬಾದಾಮಿ ಹಾಲು ಸುರಿದಳು. ಪಕ್ಕದವರಿಗೆ ಕೇಳದಷ್ಟು ಮೆತ್ತಗೆ, ಸಿಟ್ಟಿಲ್ಲದೆ ಹೇಳಿದಳು.

“ಸ್ಲೈಡ್ ಮಾಡಿಟ್ಕೊಂಡಿದ್ದೆ ನಿಜ. ಆದ್ರೆ ನೀನು ಎದ್ದೇಳಲ್ಲ ಅಂತ ಕೊನೇವರೆಗೂ ಅಂದ್ಕೊಂಡಿದ್ದೆ ಕಣೇ.”

ಹೇಳಿ, ಮುಂದಿನ ಎಲೆಗೆ ಹೋದಳು.